ಬ್ಯಾಟರಿ ಬಿಚ್ಚಿ ಹಾಕಿದರೆ ಹಳೇ ಕಾರಿನ ಐಡಲಿಂಗ್ ಸರಿಹೋಗುತ್ತಾ?

"ಕಾರು ನಿಂತಲ್ಲೇ ನಡುಗುತ್ತಿದೆಯೇ? ಆರ್‌ಪಿಎಂ ಮುಳ್ಳು ಮೇಲಕ್ಕೂ ಕೆಳಕ್ಕೂ ಓಡುತ್ತಿದೆಯೇ? ಗ್ಯಾರೇಜಿಗೆ ಹೋಗಿ ದುಡ್ಡು ಕಳೆಯಬೇಡಿ. ಬ್ಯಾಟರಿ ಹತ್ತು ನಿಮಿಷ ಬಿಚ್ಚಿಡಿ. ಥ್ರಾಟಲ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ. ಆಮೇಲೆ ಅರ್ಧ ಗಂಟೆ ಎಂಜಿನ್ ಆನ್ ಇಟ್ಟುಬಿಡಿ. ಎಲ್ಲರಿಗೂ ಶೇರ್ ಮಾಡಿ."

ಹೆಚ್ಚುಕಡಿಮೆ ಇದೇ ಧಾಟಿಯ ಸಂದೇಶಗಳು ಮತ್ತು ಸಣ್ಣ ವಿಡಿಯೊಗಳು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿರುತ್ತವೆ. ಸಲಹೆ ಸುಲಭ, ಖರ್ಚಿಲ್ಲ, ಕೇಳುವುದಕ್ಕೂ ಚೆನ್ನಾಗಿದೆ. ಹಾಗಾದರೆ ಇದು ನಿಜವೇ?

ಒಂದೇ ಮಾತಿನಲ್ಲಿ ಹೇಳುವುದಾದರೆ: ಬಹುಪಾಲು ಸುಳ್ಳು, ಕೊನೆಯ ಸಾಲಂತೂ ಅಪಾಯಕಾರಿ. ಬ್ಯಾಟರಿ ಬಿಚ್ಚಿದರೆ ಕೆಲವೊಮ್ಮೆ ಸ್ವಲ್ಪ ಹೊತ್ತು ಸರಿಹೋದಂತೆ ಕಾಣಬಹುದು, ಆದರೆ ಮೂಲ ದೋಷ ಅಲ್ಲೇ ಇರುತ್ತದೆ. ಸ್ಕ್ರೂ ತಿರುಗಿಸಿದರೆ ಒಂದು ದೋಷ ಎರಡಾಗುತ್ತದೆ. ಮುಚ್ಚಿದ ಜಾಗದಲ್ಲಿ ಎಂಜಿನ್ ಆನ್ ಇಟ್ಟರೆ ಜೀವಕ್ಕೇ ಕುತ್ತು.

ಯಾಕೆ ಎಂದು ನೋಡೋಣ.

ಉದಾಹರಣೆಗೆ ಒಂದು ಕಾರು

ಹಳೆಯ ಕಾರುಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಹಾಗಾಗಿ ಎಲ್ಲ ಕಾರುಗಳ ಬಗ್ಗೆ ಒಟ್ಟಿಗೆ ಮಾತಾಡುವ ಬದಲು, ನಾವು ಒಂದೇ ಕಾರನ್ನು ಎತ್ತಿಕೊಂಡಿದ್ದೇವೆ: ಮಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಇದರ ಹೆಸರು ಮಿಯಾಟಾ. 1989ರ ಫೆಬ್ರವರಿಯಲ್ಲಿ ಷಿಕಾಗೊ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಸೀಟಿನ, ಮೇಲ್ಛಾವಣಿ ಮಡಚುವ ಪುಟ್ಟ ಕಾರು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು ಗಿನ್ನೆಸ್ ದಾಖಲೆ ಸೇರಿದೆ. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು.

ಇದು ಭಾರತದ ಷೋರೂಮ್‌ಗಳಲ್ಲಿ ಸಿಕ್ಕ ಕಾರಲ್ಲ. ಆದರೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಹಳೆಯ ಎಂಎಕ್ಸ್-5ಗಳು ಈಗಲೂ ಓಡುತ್ತಿವೆ. ನಮ್ಮ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆ ದೇಶಗಳಲ್ಲಿ ಇರುವವರೂ ಇದ್ದಾರೆ. ಊರಿನಿಂದ ಹೋದ ಫಾರ್ವರ್ಡ್ ಅಲ್ಲಿ ಯಾರದೋ ಮನೆಯ ಗ್ಯಾರೇಜಿನಲ್ಲಿ ಪ್ರಯೋಗವಾಗಬಹುದು. ಜೊತೆಗೆ, ಇದರ ಮೊದಲ ಮಾದರಿಯ 1.6 ಲೀಟರ್ ಎಂಜಿನ್ ತುಂಬ ಸರಳ. ಇದರ ಐಡಲಿಂಗ್ ಅರ್ಥವಾದರೆ ಆ ಕಾಲದ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ಹೆಚ್ಚಿನವು ಅರ್ಥವಾದಂತೆ.

ಐಡಲಿಂಗ್ ಅಂದರೆ ಏನು?

ಸಿಗ್ನಲ್‌ನಲ್ಲಿ ನಿಂತಿದ್ದೀರಿ. ಗೇರ್ ನ್ಯೂಟ್ರಲ್, ಕಾಲು ಆಕ್ಸಿಲರೇಟರ್ ಮೇಲಿಲ್ಲ. ಆದರೂ ಎಂಜಿನ್ ನಿಲ್ಲದೆ ನಿಧಾನವಾಗಿ ತಿರುಗುತ್ತಿರುತ್ತದೆ. ಅದೇ ಐಡಲಿಂಗ್. ಈ ಮಿಯಾಟಾದಲ್ಲಿ ಎಂಜಿನ್ ಬಿಸಿಯಾದ ಮೇಲೆ ಐಡಲ್ ವೇಗ ಸುಮಾರು 850 ಆರ್‌ಪಿಎಂ ಇರಬೇಕು. ಅಂದರೆ ಸೆಕೆಂಡಿಗೆ ಸುಮಾರು 14 ಸುತ್ತು, ನಾಲ್ಕು ಸಿಲಿಂಡರ್ ಸೇರಿ ಸುಮಾರು 28 ಬಾರಿ ಪೆಟ್ರೋಲ್ ಹೊತ್ತಿಕೊಳ್ಳುವುದು.

ಪೆಟ್ರೋಲ್ ಎಂಜಿನ್ನಿನ ವೇಗವನ್ನು ನಿಯಂತ್ರಿಸುವುದು ಗಾಳಿ. ನೀವು ಆಕ್ಸಿಲರೇಟರ್ ಒತ್ತಿದಾಗ ಥ್ರಾಟಲ್ ಎಂಬ ಬಾಗಿಲು ತೆರೆದುಕೊಳ್ಳುತ್ತದೆ, ಗಾಳಿ ಒಳಗೆ ಹೋಗುತ್ತದೆ. ಎಷ್ಟು ಗಾಳಿ ಹೋಯಿತೆಂದು ಒಂದು ಮೀಟರ್ ಅಳೆಯುತ್ತದೆ. ಆ ಅಳತೆ ನೋಡಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಸಿಂಪಡಿಸುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಸುಮಾರು 14.7 ಪಾಲು ಗಾಳಿ ಬೇಕು.

ಐಡಲಿಂಗ್‌ನಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಹಾಗಾದರೆ ಎಂಜಿನ್ ಉಸಿರಾಡುವುದು ಹೇಗೆ? ಪಕ್ಕದ ಸಣ್ಣ ದಾರಿಗಳಿಂದ. ಮಿಯಾಟಾದಲ್ಲಿ ಇಂಥ ಮೂರು ದಾರಿಗಳಿವೆ.

ಮೊದಲನೆಯದು ಥ್ರಾಟಲ್ ಮೇಲಿರುವ ಏರ್ ಸ್ಕ್ರೂ. ಇದನ್ನು ಕೈಯಿಂದ ಹೊಂದಿಸಬೇಕು.

ಎರಡನೆಯದು ಐಡಲ್ ವಾಲ್ವ್. ಇಸಿಯು ಹೇಳಿದಂತೆ ಹೆಚ್ಚು ಅಥವಾ ಕಡಿಮೆ ಗಾಳಿ ಬಿಡುತ್ತದೆ. ಎಸಿ ಹಾಕಿದಾಗ, ಹೆಡ್‌ಲೈಟ್ ಹಾಕಿದಾಗ ಎಂಜಿನ್ ಮೇಲೆ ಭಾರ ಬೀಳುತ್ತದಲ್ಲ, ಆಗ ವೇಗ ಬೀಳದಂತೆ ನೋಡಿಕೊಳ್ಳುವುದು ಇದರ ಕೆಲಸ.

ಮೂರನೆಯದು ಮೇಣದಿಂದ ಕೆಲಸ ಮಾಡುವ ವಾಲ್ವ್. ಎಂಜಿನ್ ತಣ್ಣಗಿದ್ದಾಗ ತೆರೆದಿದ್ದು ಹೆಚ್ಚು ಗಾಳಿ ಬಿಡುತ್ತದೆ. ಕೂಲೆಂಟ್ ಬಿಸಿಯಾದಂತೆ ಒಳಗಿನ ಮೇಣ ಕರಗಿ ಹಿಗ್ಗಿ ವಾಲ್ವ್ ಮುಚ್ಚುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆರ್‌ಪಿಎಂ ಜಾಸ್ತಿ ಇದ್ದು ಆಮೇಲೆ ಇಳಿಯುವುದು ಇದರಿಂದಲೇ. ಅದು ದೋಷವಲ್ಲ.

ಈ ಮೂರು ದಾರಿಗಳ ಹೊರತಾಗಿ ಬೇರೆ ಎಲ್ಲಿಂದಾದರೂ ಗಾಳಿ ಒಳಗೆ ನುಗ್ಗಿದರೆ ಲೆಕ್ಕ ತಪ್ಪುತ್ತದೆ. ಐಡಲಿಂಗ್ ಸಮಸ್ಯೆಗಳಲ್ಲಿ ದೊಡ್ಡ ಪಾಲು ಇಷ್ಟೇ: ಲೆಕ್ಕಕ್ಕೆ ಸಿಗದ ಗಾಳಿ.

ಓಡುವಾಗ ಸರಿ, ನಿಂತಾಗ ಮಾತ್ರ ತೊಂದರೆ. ಯಾಕೆ?

ಹಲವರು ಕೇಳುವ ಪ್ರಶ್ನೆ ಇದು. "ಹೈವೇಯಲ್ಲಿ ನೂರಕ್ಕೆ ಓಡುತ್ತೆ, ಸಿಗ್ನಲ್‌ನಲ್ಲಿ ಮಾತ್ರ ಆಫ್ ಆಗುತ್ತೆ."

ಒಂದು ಹೋಸ್‌ನಲ್ಲಿ ಸಣ್ಣ ಸೀಳು ಬಿದ್ದಿದೆ ಎಂದುಕೊಳ್ಳಿ. ಹೈವೇಯಲ್ಲಿ ಎಂಜಿನ್ ಬಹಳಷ್ಟು ಗಾಳಿ ಎಳೆಯುತ್ತಿರುತ್ತದೆ. ಸೀಳಿನಿಂದ ಬರುವುದು ಅದರಲ್ಲಿ ಲೆಕ್ಕಕ್ಕೇ ಇಲ್ಲ. ನಿಂತಾಗ ಎಂಜಿನ್ನಿಗೆ ಬೇಕಾಗಿರುವುದೇ ಸ್ವಲ್ಪ ಗಾಳಿ. ಬಾಗಿಲು ಮುಚ್ಚಿರುವುದರಿಂದ ಒಳಗಿನ ಎಳೆತವೂ ಆಗಲೇ ಜಾಸ್ತಿ. ಅದೇ ಸೀಳು ಈಗ ದೊಡ್ಡ ಕಳ್ಳದಾರಿಯಾಗುತ್ತದೆ. ಮೀಟರ್ ಅಳೆಯದ ಗಾಳಿಗೆ ಇಸಿಯು ಪೆಟ್ರೋಲ್ ಕೊಡುವುದಿಲ್ಲ. ಮಿಶ್ರಣ ತೆಳುವಾಗಿ ಎಂಜಿನ್ ನಡುಗುತ್ತದೆ.

ಆರ್‌ಪಿಎಂ ಮುಳ್ಳು ಉಯ್ಯಾಲೆ ಆಡುವುದಕ್ಕೂ ಒಂದು ಕಾರಣವಿದೆ. ಗಾಳಿ ಹೆಚ್ಚಾಗಿ ವೇಗ ಏರುತ್ತದೆ. ಇಸಿಯುಗೆ ಕಾಣುವುದೇನು? ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಆದರೆ ಎಂಜಿನ್ ಜೋರಾಗಿ ತಿರುಗುತ್ತಿದೆ. "ಓಹೋ, ಕಾರು ಇಳಿಜಾರಿನಲ್ಲಿ ಉರುಳುತ್ತಿದೆ, ಪೆಟ್ರೋಲ್ ಯಾಕೆ ದಂಡ" ಎಂದುಕೊಂಡು ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಬೀಳುತ್ತದೆ. ಎಂಜಿನ್ ಆಫ್ ಆಗದಿರಲೆಂದು ಮತ್ತೆ ಪೆಟ್ರೋಲ್ ಬಿಡುತ್ತದೆ. ವೇಗ ಮತ್ತೆ ಏರುತ್ತದೆ. ಹೀಗೆ ಏರು, ಇಳಿ, ಏರು, ಇಳಿ. ಕಂಪ್ಯೂಟರ್ ಕೆಟ್ಟಿಲ್ಲ. ಅದು ತನಗೆ ಸಿಕ್ಕ ಮಾಹಿತಿಯ ಪ್ರಕಾರ ಸರಿಯಾಗೇ ನಡೆದುಕೊಳ್ಳುತ್ತಿದೆ.

ಹೇಳಿಕೆ 1: ಬ್ಯಾಟರಿ ಬಿಚ್ಚಿದರೆ ಸರಿಹೋಗುತ್ತದೆ

ಬ್ಯಾಟರಿ ಬಿಚ್ಚಿದರೆ ಇಸಿಯುವಿನ ನೆನಪು ಅಳಿಯುತ್ತದೆ. ಹೋಸ್‌ನ ಸೀಳು ಮುಚ್ಚುವುದಿಲ್ಲ, ವಾಲ್ವ್‌ನ ಮಸಿ ಹೋಗುವುದಿಲ್ಲ.

ಹಾಗಾದರೆ ಕೆಲವರಿಗೆ ಕೆಲಸ ಮಾಡಿದ್ದು ಹೇಗೆ? ಮೂರು ಸಾಧ್ಯತೆಗಳಿವೆ. ಕಾಯುವ ಹೊತ್ತಿನಲ್ಲಿ ಎಂಜಿನ್ ತಣ್ಣಗಾಗಿ, ಬಿಸಿಯಾದಾಗ ಮಾತ್ರ ಬರುವ ದೋಷ ಸ್ವಲ್ಪ ಹೊತ್ತು ಮರೆಯಾಗಿರಬಹುದು. ಬ್ಯಾಟರಿ ಟರ್ಮಿನಲ್ ಸಡಿಲವಿದ್ದು, ಮತ್ತೆ ಬಿಗಿ ಮಾಡಿದಾಗ ಸರಿಹೋಗಿರಬಹುದು. ಇಲ್ಲವೇ ಇಸಿಯು ಕಲಿತಿದ್ದ ತಪ್ಪು ತಿದ್ದುಪಡಿ ಅಳಿಸಿಹೋಗಿ, ಅದು ಮತ್ತೆ ಕಲಿಯುವ ತನಕ ಆರಾಮ ಸಿಕ್ಕಿರಬಹುದು.

ಆದರೆ ನಷ್ಟವೂ ಇದೆ. ಈ ಕಾರಿನ ಇಸಿಯು ತಾನು ಕಂಡ ದೋಷಗಳನ್ನು ಸಂಖ್ಯೆಯ ರೂಪದಲ್ಲಿ ನೆನಪಿಡುತ್ತದೆ. ಬ್ಯಾಟರಿ ಬಿಚ್ಚಿದರೆ ಆ ಸುಳಿವೂ ಅಳಿಯುತ್ತದೆ. ಜ್ವರದ ರೋಗಿಯ ಟೆಸ್ಟ್ ರಿಪೋರ್ಟ್ ಹರಿದು ಹಾಕಿ ಡಾಕ್ಟರ ಬಳಿ ಹೋದ ಹಾಗೆ.

ಹೇಳಿಕೆ 2: ಥ್ರಾಟಲ್ ಸ್ಕ್ರೂ ತಿರುಗಿಸಿದರೆ ಸಾಕು

ಇಲ್ಲಿ ದೊಡ್ಡ ಗೊಂದಲವಿದೆ. ಥ್ರಾಟಲ್‌ನಲ್ಲಿ ಒಂದಲ್ಲ, ಎರಡು ಸ್ಕ್ರೂಗಳಿವೆ. ಒಂದು ನಾವು ಮೇಲೆ ಹೇಳಿದ ಏರ್ ಸ್ಕ್ರೂ. ಇನ್ನೊಂದು ಥ್ರಾಟಲ್ ಬಾಗಿಲು ಎಲ್ಲಿಗೆ ಬಂದು ನಿಲ್ಲಬೇಕು ಎಂದು ಕಾರ್ಖಾನೆಯಲ್ಲೇ ಹೊಂದಿಸಿರುವ ಸ್ಟಾಪ್ ಸ್ಕ್ರೂ. ಕಣ್ಣಿಗೆ ಬೇಗ ಬೀಳುವುದರಿಂದ ಜನ ಎರಡನೆಯದಕ್ಕೇ ಕೈ ಹಾಕುತ್ತಾರೆ.

ಅದನ್ನು ತಿರುಗಿಸಿದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಥ್ರಾಟಲ್ ಪಕ್ಕದ ಸ್ವಿಚ್ "ಕಾಲು ತೆಗೆದಿದ್ದಾರೆ" ಎಂಬ ಸುದ್ದಿಯನ್ನು ಇಸಿಯುಗೆ ಮುಟ್ಟಿಸದೇ ಹೋಗಬಹುದು. ಆಗ ಐಡಲಿಂಗ್ ನಡೆಯುತ್ತಿದೆ ಎಂಬುದೇ ಇಸಿಯುಗೆ ಗೊತ್ತಾಗುವುದಿಲ್ಲ. ಮೊದಲು ಒಂದು ಸೀಳಿದ ಹೋಸ್ ಇತ್ತು, ಈಗ ಅದರ ಜೊತೆ ಕೆಟ್ಟ ಸೆಟ್ಟಿಂಗ್ ಕೂಡ. ಮುಂದೆ ನೋಡುವ ಮೆಕ್ಯಾನಿಕ್‌ಗೆ ಎರಡು ಪಟ್ಟು ಕೆಲಸ, ನಿಮಗೆ ಎರಡು ಪಟ್ಟು ಬಿಲ್ಲು.

ಹೇಳಿಕೆ 3: ಅರ್ಧ ಗಂಟೆ ಎಂಜಿನ್ ಆನ್ ಇಟ್ಟುಬಿಡಿ

ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. "ಪೆಟ್ರೋಲ್ ವಾಸನೆಗೆ ಹೀಗಾಗಿರಬೇಕು" ಎಂದುಕೊಳ್ಳುವಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. ಜೀವವೂ ಹೋಗಬಹುದು.

ಹಳೆಯ ಕಾರಿನಲ್ಲಿ, ಅದರಲ್ಲೂ ಐಡಲಿಂಗ್ ಕೆಟ್ಟಿರುವ ಕಾರಿನಲ್ಲಿ ಅಪಾಯ ಇನ್ನೂ ಹೆಚ್ಚು. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾದ ಮೇಲಷ್ಟೇ ಕೆಲಸ ಮಾಡುತ್ತದೆ. ಹಳೆಯದಾದಂತೆ ಅದರ ಶಕ್ತಿಯೂ ಕುಂದುತ್ತದೆ.

ಅಮೆರಿಕದಂಥ ದೇಶಗಳಲ್ಲಿ ಗ್ಯಾರೇಜ್ ಮನೆಗೆ ಅಂಟಿಕೊಂಡೇ ಇರುತ್ತದೆ. ಚಳಿಗೆ ಬಾಗಿಲು ಹಾಕಿ ಕೆಲಸ ಮಾಡುವುದು ಸಹಜ ಎನಿಸುತ್ತದೆ. ಮನೆಗೆ ಹೊಂದಿಕೊಂಡ ಗ್ಯಾರೇಜಿನಲ್ಲಿ ಬಾಗಿಲು ತೆರೆದಿದ್ದರೂ ಎಂಜಿನ್ ಓಡಿಸಬಾರದು ಎಂಬುದು ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿಯ ಸಲಹೆ. ಹೊಗೆ ಒಳಗಿನ ಕೋಣೆಗೂ ಹರಡುತ್ತದೆ. ನಮ್ಮ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟ್ ಪಾರ್ಕಿಂಗಿಗೂ ಇದೇ ಎಚ್ಚರಿಕೆ ಬೇಕು. ಎಂಜಿನ್ ಆನ್ ಇಟ್ಟು ನೋಡಬೇಕಾದರೆ ಕಾರನ್ನು ಬಯಲಿಗೆ ತನ್ನಿ. ತಲೆಸುತ್ತು ಬಂದರೆ ತಕ್ಷಣ ಹೊರಗಿನ ಗಾಳಿಗೆ ಹೋಗಿ, ಆಸ್ಪತ್ರೆಗೆ ತೋರಿಸಿ.

ಹೇಳಿಕೆ 4: ಕಾರ್ಬ್ ಕ್ಲೀನರ್ ಸಿಂಪಡಿಸಿದರೆ ಸೋರಿಕೆ ಗೊತ್ತಾಗುತ್ತದೆ

ಇದು ಅರ್ಧ ಸತ್ಯ. ಓಡುತ್ತಿರುವ ಎಂಜಿನ್ನಿನ ಹೋಸ್‌ಗಳ ಸುತ್ತ ಕ್ಲೀನರ್ ಸಿಂಪಡಿಸಿ, ವೇಗ ಬದಲಾದರೆ ಅಲ್ಲೇ ಸೀಳಿದೆ ಎಂದು ತಿಳಿಯುವ ಹಳೆಯ ಪದ್ಧತಿ ಇದೆ. ಆದರೆ ಕ್ಲೀನರ್ ಬೇಗ ಬೆಂಕಿ ಹಿಡಿಯುವ ದ್ರವ. ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪ್, ಹಳೆಯ ಪ್ಲಗ್ ವಯರ್‌ನಿಂದ ಹಾರುವ ಕಿಡಿ. ಒಂದು ತಪ್ಪಿಗೆ ಕಾರು ಹೊತ್ತಿಕೊಳ್ಳಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಇನ್ನೂ ಕೆಟ್ಟದ್ದು, ತೀವ್ರ ಶಾಖಕ್ಕೆ ಸಿಕ್ಕರೆ ವಿಷಾನಿಲವಾಗುತ್ತದೆ.

ಸುರಕ್ಷಿತ ದಾರಿಗಳಿವೆ. ಮೆದುವಾದ ಹೋಸ್‌ಗಳನ್ನು ಒಂದೊಂದಾಗಿ ಹಿಸುಕಿ ನೋಡಬಹುದು. ಒಂದನ್ನು ಹಿಸುಕಿದಾಗ ಐಡಲಿಂಗ್ ಸುಧಾರಿಸಿದರೆ ಸುಳಿವು ಸಿಕ್ಕಿತು. ಗ್ಯಾರೇಜಿನಲ್ಲಿ ಎಂಜಿನ್ ಆಫ್ ಮಾಡಿ ಒಳಗೆ ಹೊಗೆ ತುಂಬಿಸುವ ಸ್ಮೋಕ್ ಟೆಸ್ಟ್ ಮಾಡುತ್ತಾರೆ. ಹೊಗೆ ಎಲ್ಲಿಂದ ಹೊರಬಂತೋ ಅಲ್ಲೇ ಸೀಳು.

ಹಾಗಾದರೆ ಸರಿಯಾದ ಕ್ರಮ ಯಾವುದು?

ನಿಯಮ ಒಂದೇ: ಮೊದಲು ನೋಡುವುದು, ಆಮೇಲೆ ಶುಚಿ ಮಾಡುವುದು, ಆಮೇಲೆ ಬದಲಿಸುವುದು, ಕೊನೆಗೆ ಸ್ಕ್ರೂ. ಫಾರ್ವರ್ಡ್ ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ.

1. ದೋಷ ಸಂಖ್ಯೆ ಓದಿ. 1.6 ಲೀಟರ್ ಮಿಯಾಟಾದಲ್ಲಿ ಸ್ಕ್ಯಾನರ್ ಬೇಡ. ಬಾನೆಟ್ ಅಡಿಯ ಸಣ್ಣ ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಎಂದು ಬರೆದಿರುವ ಎರಡು ತೂತುಗಳನ್ನು ಒಂದು ವಯರ್ ತುಂಡಿನಿಂದ ಜೋಡಿಸಿ ಕೀ ಆನ್ ಮಾಡಿದರೆ ಎಂಜಿನ್ ದೀಪ ಮಿನುಗಿ ಸಂಖ್ಯೆ ಹೇಳುತ್ತದೆ. 08 ಬಂದರೆ ಗಾಳಿ ಮೀಟರ್, 09 ಬಂದರೆ ಕೂಲೆಂಟ್ ಸೆನ್ಸರ್, 34 ಬಂದರೆ ಐಡಲ್ ವಾಲ್ವ್. ಅದೇ ಪೆಟ್ಟಿಗೆಯಲ್ಲಿ ಬ್ಯಾಟರಿಯ ಕರೆಂಟ್ ಇರುವ ತೂತೂ ಇದೆ. ತಪ್ಪು ತೂತಿಗೆ ವಯರ್ ಹಾಕಿದರೆ ಶಾರ್ಟ್ ಆಗುತ್ತದೆ, ಹುಷಾರು. ಇನ್ನೊಂದು ಮಾತು: ವಾಲ್ವ್‌ಗೆ ಮಸಿ ಹಿಡಿದು ಅಂಟಿಕೊಂಡಿದ್ದರೆ ಸಂಖ್ಯೆ ಬರುವುದಿಲ್ಲ. ವಯರಿಂಗ್ ದೋಷವಿದ್ದರೆ ಮಾತ್ರ ಬರುತ್ತದೆ.

2. ಕಣ್ಣಿಂದ ನೋಡಿ. ಎಂಜಿನ್ ಆಫ್, ತಣ್ಣಗಿರಬೇಕು. ಗಾಳಿ ಮೀಟರ್‌ನಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಪೈಪನ್ನು ಬಗ್ಗಿಸಿ ಅದರ ಮಡಿಕೆಗಳ ಒಳಗೆ ನೋಡಿ. ಮೂವತ್ತು ವರ್ಷ ದಾಟಿದ ರಬ್ಬರ್ ಅಲ್ಲೇ ಸೀಳುವುದು. ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ ವಾಲ್ವ್‌ನ ರಬ್ಬರ್ ಬಿಲ್ಲೆ ನೋಡಿ. ಆಯಿಲ್ ಮುಚ್ಚಳ ಮತ್ತು ಡಿಪ್‌ಸ್ಟಿಕ್ ಗಟ್ಟಿಯಾಗಿ ಕೂತಿವೆಯೇ ನೋಡಿ. ಈ ಎಂಜಿನ್ನಿನಲ್ಲಿ ಅಲ್ಲಿಂದಲೂ ಅಳತೆಗೆ ಸಿಗದ ಗಾಳಿ ಒಳಗೆ ಹೋಗುತ್ತದೆ.

3. ಕೂಲೆಂಟ್ ಮಟ್ಟ ನೋಡಿ. ಬಿಸಿಯಾದ ಮೇಲೂ ಐಡಲಿಂಗ್ ಇಳಿಯದಿದ್ದರೆ ಮುಖ್ಯವಾಗಿ ಇದನ್ನು ನೋಡಬೇಕು. ಬಿಸಿ ಕೂಲೆಂಟ್ ಮೇಣದ ವಾಲ್ವ್ ತನಕ ತಲುಪದಿದ್ದರೆ ಅದು ತೆರೆದೇ ಇರುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಎಂದೂ ತೆರೆಯಬೇಡಿ. ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

4. ಪ್ಲಗ್ ಮತ್ತು ಪ್ಲಗ್ ವಯರ್. ಎಂಜಿನ್ ಒಂದೇ ತಾಳದಲ್ಲಿ ಕುಂಟುತ್ತಿದ್ದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಮಿಯಾಟಾದ ಪ್ಲಗ್ ವಯರ್‌ಗಳು ಬೇಗ ಹಳತಾಗುತ್ತವೆ. ಇವು ದುಬಾರಿ ಭಾಗಗಳಲ್ಲ, ಆದ್ದರಿಂದ ದೊಡ್ಡ ಸೆನ್ಸರ್‌ಗಳಿಗೆ ಹಣ ಸುರಿಯುವ ಮುಂಚೆ ಇವನ್ನು ನೋಡಿ.

5. ಥ್ರಾಟಲ್ ಮತ್ತು ಐಡಲ್ ವಾಲ್ವ್ ಶುಚಿ ಮಾಡಿ. ಹೆಡ್‌ಲೈಟ್ ಹಾಕಿದಾಗ, ಎಸಿ ಹಾಕಿದಾಗ, ಕ್ಲಚ್ ಒತ್ತಿ ನಿಲ್ಲುವಾಗ ಎಂಜಿನ್ ಆಫ್ ಆಗುವಂತಿದ್ದರೆ ಮಸಿ ಹಿಡಿದಿರುವ ಸಾಧ್ಯತೆ ಹೆಚ್ಚು. ಥ್ರಾಟಲ್‌ಗೆಂದೇ ಸಿಗುವ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು, ತಣ್ಣಗಿರುವ ಎಂಜಿನ್ನಿನಲ್ಲಿ ಒರೆಸಬೇಕು. ವಾಲ್ವ್ ಬಿಚ್ಚುವುದು ಅನುಭವ ಇರುವವರ ಕೆಲಸ. ಅದಕ್ಕೆ ಕೂಲೆಂಟ್ ಪೈಪ್‌ಗಳೂ ಸೇರಿಕೊಂಡಿವೆ.

6. ಕೊನೆಗೆ ಏರ್ ಸ್ಕ್ರೂ. ಸೋರಿಕೆ ಇಲ್ಲ, ಪ್ಲಗ್ ಸರಿ, ವಾಲ್ವ್ ಶುಚಿ ಎಂದು ಖಾತ್ರಿಯಾದ ಮೇಲಷ್ಟೇ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಎಸಿ, ದೀಪ, ರೇಡಿಯೇಟರ್ ಫ್ಯಾನ್ ಎಲ್ಲ ಆಫ್ ಇರಬೇಕು. ಟಿಇಎನ್ ಮತ್ತು ಜಿಎನ್‌ಡಿ ಜೋಡಿಸಿ, ಏರ್ ಸ್ಕ್ರೂ ತಿರುಗಿಸಿ 850 ಆರ್‌ಪಿಎಂಗೆ ತಂದು, ವಯರ್ ತೆಗೆಯಬೇಕು. ಆ ಜೋಡಣೆ ಇಲ್ಲದೆ ಸ್ಕ್ರೂ ತಿರುಗಿಸಿದರೆ ನೀವು ಒಂದು ಕಡೆ ಎಳೆಯುತ್ತೀರಿ, ಇಸಿಯು ಇನ್ನೊಂದು ಕಡೆ ಎಳೆಯುತ್ತದೆ.

ನಮ್ಮ ಊರಿನ ಕಾರುಗಳಿಗೂ ಇದು ಅನ್ವಯಿಸುತ್ತದೆಯೇ?

ತತ್ವ ಒಂದೇ. ಹಳೆಯ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ರಬ್ಬರ್ ಸೀಳುತ್ತದೆ, ಥ್ರಾಟಲ್‌ಗೆ ಮಸಿ ಹಿಡಿಯುತ್ತದೆ, ಪ್ಲಗ್ ಸವೆಯುತ್ತದೆ. ಆದರೆ ಮೇಲಿನ ಸಂಖ್ಯೆಗಳು, ತೂತುಗಳ ಹೆಸರು, 850ರ ಲೆಕ್ಕ ಈ ಕಾರಿಗೆ ಸೇರಿದವು. ಅವನ್ನು ನಿಮ್ಮ ಕಾರಿಗೆ ಹಾಗೇ ಬಳಸಬೇಡಿ. ಕಾರ್ಬ್ಯುರೇಟರ್ ಕಾರುಗಳ ಹೊಂದಾಣಿಕೆಯೇ ಬೇರೆ. ಹೊಸ ಕಾರುಗಳಲ್ಲಿ ಥ್ರಾಟಲ್ಲೇ ಎಲೆಕ್ಟ್ರಾನಿಕ್. ಅಂಥ ಕೆಲವು ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದರೆ ಐಡಲಿಂಗ್ ಕೆಲಕಾಲ ಇನ್ನಷ್ಟು ಕೆಡುವುದೂ ಉಂಟು. ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಅಥವಾ ನಂಬಿಕೆಯ ಮೆಕ್ಯಾನಿಕ್ ಹೇಳುವುದೇ ಪ್ರಮಾಣ.

ಮೆಕ್ಯಾನಿಕ್ ಬಳಿ ಹೋದಾಗ "ಐಡಲಿಂಗ್ ಸರಿ ಇಲ್ಲ" ಎಂದಷ್ಟೇ ಹೇಳಬೇಡಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಎಸಿ ಹಾಕಿದಾಗಲೋ ಸುಮ್ಮನೆ ನಿಂತಾಗಲೋ? ಮುಳ್ಳು ಉಯ್ಯಾಲೆ ಆಡುತ್ತದೋ, ಎತ್ತರದಲ್ಲೇ ನಿಲ್ಲುತ್ತದೋ? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ. ಬೇಡದ ಭಾಗ ಬದಲಿಸುವ ಖರ್ಚೂ ಉಳಿಯಬಹುದು.

ಫಾರ್ವರ್ಡ್ ಮಾಡುವ ಮುನ್ನ

ಬ್ಯಾಟರಿ ಬಿಚ್ಚುವುದು ರಿಪೇರಿಯಲ್ಲ, ಸುಳಿವು ಅಳಿಸುವ ಕೆಲಸ. ಸ್ಕ್ರೂ ಕೊನೆಯ ಹೆಜ್ಜೆ, ಮೊದಲನೆಯದಲ್ಲ. ಮೊದಲು ಹುಡುಕಬೇಕಾದ್ದು ಕಳ್ಳದಾರಿಯ ಗಾಳಿಯನ್ನು.

ಇಷ್ಟೂ ಮರೆತರೂ ಪರವಾಗಿಲ್ಲ, ಒಂದನ್ನು ನೆನಪಿಡಿ: ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಆನ್ ಇಡಬಾರದು. "ಅರ್ಧ ಗಂಟೆ ಆನ್ ಇಟ್ಟುಬಿಡಿ" ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಒಂದು ಫೋನ್ ಮಾಡಿ ಹೇಳಿ. ಕಾರಿನ ನಡುಕವನ್ನು ನಾಳೆಯೂ ಸರಿಮಾಡಬಹುದು.